ಧೂಳಿಗೂ ಒಂದು ದಿನಾಂಕವಿದೆ

ಸೈನಿಕನ ಎದೆಮಟ್ಟದ ಪುಟ್ಟ ಪ್ರತಿಮೆಗೆ ಹವ್ಯಾಸಿಗಳು ಬಸ್ಟ್ ಎನ್ನುತ್ತಾರೆ. ಅದಕ್ಕೆ ಬಣ್ಣ ಹಚ್ಚುವವರು ಮುಖದ ಮುಂದೆ ವಾರಗಟ್ಟಲೆ ಕೂರುತ್ತಾರೆ. ಕಣ್ಣಿನ ಹೊಳಪಿಗೆ, ಮೀಸೆಯ ಎಳೆಗೆ, ಗುಂಡಿಯ ಅಂಚಿಗೆ ಸೂಜಿಮೊನೆಯಂಥ ಬ್ರಷ್ ಹಿಡಿಯುತ್ತಾರೆ. ಆಮೇಲೆ ಕೊನೆಯ ಒಂದು ಸಂಜೆ ಅದೇ ಪ್ರತಿಮೆಯ ಮೇಲೆ ಕಂದು ವಾಷ್ ಬಳಿದು, ಪಿಗ್ಮೆಂಟ್ ಪುಡಿ ಉದುರಿಸಿ, ಹಳೆಯ ಟೂತ್‌ಬ್ರಷ್ಷಿನಿಂದ ಕೆಸರಿನ ಹನಿ ಸಿಡಿಸಿ, ವೆದರಿಂಗ್ ಮುಗಿಯಿತು ಎನ್ನುತ್ತಾರೆ. ಮುಖಕ್ಕೆ ಕೊಟ್ಟ ಯೋಚನೆಯಲ್ಲಿ ಕಾಲುಭಾಗವೂ ಕೊಳೆಗೆ ಸಿಗುವುದಿಲ್ಲ. ಪ್ರತಿಮೆ ಸುಳ್ಳಾಗುವುದು ಬಹುಪಾಲು ಈ ಒಂದು ಸಂಜೆಯಲ್ಲಿಯೇ. ಸೈನಿಕನ ಮೈಮೇಲಿನ ಒಂದೊಂದು ಗುರುತಿಗೂ ವಯಸ್ಸಿದೆ. ಬಿಸಿಲಿಗೆ ಬಟ್ಟೆಯ ಬಣ್ಣ ಹೋಗಲು ತಿಂಗಳುಗಳು ಬೇಕು. ಪಟ್ಟಿ ಉಜ್ಜಿ ನೂಲು ಸವೆಯಲು ವಾರಗಳು ಬೇಕು. ಬೆವರಿನ ಉಪ್ಪು ಬಿಳಿಗೆರೆ ಕಟ್ಟಲು ಒಂದೆರಡು ದಿನ ಸಾಕು. ಧೂಳು ಕೂರಲು ಅರ್ಧ ಗಂಟೆ ಸಾಕು. ಹಳೆಯದು ಕೆಳಗಿರುತ್ತದೆ, ಹೊಸದು ಮೇಲಿರುತ್ತದೆ. ಬಣ್ಣವನ್ನೂ ಅದೇ ಕ್ರಮದಲ್ಲಿ ಹಚ್ಚಬೇಕು, ಮತ್ತು ಹಚ್ಚುವ ಮೊದಲೇ ಇದು ಯಾವ ಊರಿನ, ಯಾವ ದಿನದ ಕೊಳೆ ಎಂದು ತೀರ್ಮಾನಿಸಿಕೊಂಡಿರಬೇಕು.

ಬರೀ ತತ್ತ್ವವಾಗಿ ಹೇಳಿದರೆ ಇದು ಕೈಗೆ ಸಿಗುವುದಿಲ್ಲ. ಆದ್ದರಿಂದ ಒಬ್ಬ ಸವಾರನನ್ನು ಹಿಡಿಯೋಣ. ದಿನ 1918ರ ಸೆಪ್ಟೆಂಬರ್ 23, ಹೊತ್ತು ಮಧ್ಯಾಹ್ನ, ಜಾಗ ಪ್ಯಾಲೆಸ್ಟೈನಿನ ಹೈಫಾ ಪಟ್ಟಣದ ಹೊರವಲಯ, ಸವಾರ ಮೈಸೂರು ಲ್ಯಾನ್ಸರ್ಸ್‌ನವನು. ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಕುದುರೆದಳಗಳು ಸೇರಿದ್ದ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡ್ ಮೊದಲು ಸೂಯೆಜ್ ಕಾಲುವೆಯ ಕಾವಲಿಗೆ ನಿಂತಿತ್ತು. ಮೊದಲ ಮಹಾಯುದ್ಧ ಮುಂದುವರಿದಂತೆ ಪ್ಯಾಲೆಸ್ಟೈನಿಗೆ ಬಂದಿತ್ತು. ಸೆಪ್ಟೆಂಬರ್ 19ರಂದು ಮೆಗಿದ್ದೊ ಕಾಳಗ ಶುರುವಾಯಿತು. ಕಾಲಾಳುಗಳು ತುರ್ಕರ ಸಾಲನ್ನು ಸೀಳಿದ ಮೇಲೆ ಕುದುರೆದಳಗಳು ಕಡಲಂಚಿನ ಶರೋನ್ ಬಯಲಲ್ಲಿ ಉತ್ತರಕ್ಕೆ ಧಾವಿಸಿ, ಗುಡ್ಡಸಾಲು ದಾಟಿ ಜೆಜ್ರೀಲ್ ಬಯಲಿಗೆ ಇಳಿದವು. 23ರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಜೋಧಪುರದವರು ಕಿಶೋನ್ ನದಿಯ ಬದಿಯಿಂದ ಊರಿನತ್ತ ನುಗ್ಗಿದರು. ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಇಳಿಜಾರು ಹತ್ತಿ ಅಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದಿತು. ಇಷ್ಟು ತಿಳಿದರೆ ಬಣ್ಣದ ಮೇಜಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕಂತೆ. ಬೇಸಿಗೆಯ ತುದಿ, ಮಳೆ ಇನ್ನೂ ಬಂದಿಲ್ಲ, ನೆಲ ಒಣಗಿ ಪುಡಿಯಾಗಿದೆ, ಸವಾರ ದಿನಗಟ್ಟಲೆ ಜೀನಿನ ಮೇಲಿದ್ದಾನೆ. ಇದೇ ದಳದ ಹೆಸರಿನ ಬಸ್ಟ್ ಅಂಗಡಿಯಲ್ಲಿ ಸಿಗದಿದ್ದರೂ ಖಾಕಿ ಪೇಟ, ಖಾಕಿ ಅಂಗಿಯ ಭಾರತೀಯ ಸವಾರನ ಬಸ್ಟ್ ಆದೀತು. ಬಂಗಾರದ ಜರತಾರಿಯ ಪರೇಡ್ ಪೋಷಾಕಿನ ಬಸ್ಟ್ ತಂದು ಅದಕ್ಕೆ ರಣರಂಗದ ಧೂಳು ಹಾಕುವುದು ಮಾತ್ರ ಬೇಡ. ಆ ಪೋಷಾಕು ಈ ಬಯಲನ್ನು ಕಂಡಿಲ್ಲ.

ಸಾಕ್ಷ್ಯ ಎಲ್ಲಿಂದ ಎಂಬುದು ಮುಂದಿನ ಪ್ರಶ್ನೆ. ಹೈಫಾ ಕೈವಶವಾದ ಮೇಲೆ ಭಾರತೀಯ ಲ್ಯಾನ್ಸರ್‌ಗಳು ಪಟ್ಟಣದ ಬೀದಿಯಲ್ಲಿ ಸಾಗುವ ಪ್ರಸಿದ್ಧ ಛಾಯಾಚಿತ್ರವಿದೆ. ಪೇಟದ ಸುತ್ತು, ಪಟ್ಟಿಗಳ ಜಾಗ, ಕೂತ ಭಂಗಿ ಇವಕ್ಕೆ ಅದು ಒಳ್ಳೆಯ ಆಧಾರ. ಬಣ್ಣಕ್ಕೆ ಅದನ್ನು ನಂಬುವಾಗ ಎಚ್ಚರ ಬೇಕು. ಆ ಕಾಲದ ಬಹಳಷ್ಟು ಫೋಟೋ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಿರಲಿಲ್ಲ. ಆರ್ಥೊಕ್ರೊಮ್ಯಾಟಿಕ್ ಎಂದು ಕರೆಯುವ ಅಂಥ ಫಲಕದಲ್ಲಿ ಕೆಂಪು ಕಪ್ಪಾಗಿ ಬೀಳುತ್ತದೆ, ನೀಲಿ ಬೆಳ್ಳಗಾಗುತ್ತದೆ. ಕೆಂಪು ಬೆರೆತ ಕಂದು ಚರ್ಮದ ಪಟ್ಟಿ ಇದ್ದುದಕ್ಕಿಂತ ಗಾಢವಾಗಿ ಕಾಣುತ್ತದೆ, ನಮ್ಮವರ ಮೈಬಣ್ಣವೂ ಹಾಗೆಯೇ. ಹಳೆಯ ಫೋಟೋ ನೋಡಿ ಭಾರತೀಯ ಸೈನಿಕನ ಮುಖಕ್ಕೆ ಕಪ್ಪು ಬೆರೆಸುವವರು ಆ ಮನುಷ್ಯನನ್ನಲ್ಲ, ಫಲಕದ ಕೊರತೆಯನ್ನು ಚಿತ್ರಿಸುತ್ತಿರುತ್ತಾರೆ. ಕಂಪ್ಯೂಟರ್ ಬಣ್ಣ ತುಂಬಿದ ಪ್ರತಿಗಳು ಇನ್ನೂ ಅಪಾಯಕಾರಿ, ಏಕೆಂದರೆ ಅಲ್ಲಿ ಊಹೆಯೇ ಸಾಕ್ಷ್ಯದ ವೇಷ ಹಾಕಿರುತ್ತದೆ. ನಿಜವಾದ ಬಣ್ಣದ ಆಧಾರ ಬೇಕಿದ್ದರೆ ಆಸ್ಟ್ರೇಲಿಯಾದ ಛಾಯಾಗ್ರಾಹಕ ಫ್ರಾಂಕ್ ಹರ್ಲಿ 1918ರ ಆರಂಭದಲ್ಲಿ ಪ್ಯಾಲೆಸ್ಟೈನಿನಲ್ಲಿ ಪ್ಯಾಜೆಟ್ ಎಂಬ ವರ್ಣಫಲಕಗಳ ಮೇಲೆ ಆಸ್ಟ್ರೇಲಿಯನ್ ಲೈಟ್ ಹಾರ್ಸ್ ಸವಾರರನ್ನು ತೆಗೆದ ಚಿತ್ರಗಳನ್ನು ನೋಡಬೇಕು. ದಳ ಬೇರೆ, ಆದರೆ ಬಿಸಿಲು, ಮಣ್ಣು, ಖಾಕಿ, ಚರ್ಮ ಅವೇ. ಆ ಫಲಕದ ವರ್ಣಗಳೂ ಕರಾರುವಾಕ್ಕಲ್ಲ. ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ಸಂಬಂಧವನ್ನು. ಬಟ್ಟೆ ನೆಲಕ್ಕಿಂತ ಎಷ್ಟು ತಿಳಿ, ಪಟ್ಟಿ ಬಟ್ಟೆಗಿಂತ ಎಷ್ಟು ಗಾಢ ಎಂಬ ಅಳತೆ ಅದರಲ್ಲಿ ಸಿಗುತ್ತದೆ.

ಪ್ರತಿಮೆಯ ಸಿದ್ಧತೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬಸ್ಟ್‌ಗಳು ಸಾಮಾನ್ಯವಾಗಿ 1/12 ಅಥವಾ 1/10 ಅಳತೆಯಲ್ಲಿ, ರೆಸಿನ್‌ನಲ್ಲಿ ಎರಕ ಹೊಯ್ದು ಬರುತ್ತವೆ. ಅಚ್ಚಿನ ಜಿಡ್ಡು ಹೋಗಲು ಉಗುರುಬೆಚ್ಚಗಿನ ನೀರು ಮತ್ತು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಎರಕದ ಗೆರೆಗಳನ್ನು ಉಜ್ಜುವಾಗ ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆಯುವ ಮೊದಲು ಒಣಹವೆಯ ದಿನಕ್ಕಾಗಿ ಕಾಯಬೇಕು, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಪದರ ಮಂಜು ಕಟ್ಟಿದಂತೆ ಬಿಳಿಚಿಕೊಳ್ಳುತ್ತದೆ. ಮೊದಲು ಎಲ್ಲೆಡೆ ಕಪ್ಪು ಪ್ರೈಮರ್, ಅದು ಒಣಗಿದ ಮೇಲೆ ಮೇಲಿನ ಒಂದೇ ದಿಕ್ಕಿನಿಂದ ಬಿಳಿ. ಈ ದಿಕ್ಕನ್ನೂ ದಿನಾಂಕವೇ ಹೇಳುತ್ತದೆ. ಸೆಪ್ಟೆಂಬರ್ 23 ಎಂದರೆ ಹಗಲು ರಾತ್ರಿ ಸಮನಾಗುವ ಸಮಯ. ಹೈಫಾದ ಅಕ್ಷಾಂಶದಲ್ಲಿ ಆ ದಿನ ಮಧ್ಯಾಹ್ನ ಎರಡಕ್ಕೆ ಸೂರ್ಯ ನೆತ್ತಿಯ ಮೇಲಿರುವುದಿಲ್ಲ, ನೈಋತ್ಯದಲ್ಲಿ ಸುಮಾರು 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಬಿಳಿಯನ್ನು ಅದೇ ಓರೆಯಿಂದ, ಒಂದು ಭುಜದ ಕಡೆಯಿಂದ ಹೊಡೆದರೆ ಮುಖದ ಒಂದು ಪಕ್ಕ ಬಿಸಿಲಿಗೆ, ಇನ್ನೊಂದು ನೆರಳಿಗೆ ತಾನಾಗಿ ಹಂಚಿಹೋಗುತ್ತದೆ. ಆ ಹಂತದಲ್ಲಿ ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ನೆರಳು ಎಲ್ಲಿತ್ತೆಂದು ಮರೆತಾಗ ಅದೇ ನಕಾಶೆ.

ಮುಖದ ವಿಷಯ ವಿಸ್ತಾರವಾದದ್ದು. ಅಂಗಡಿಯಲ್ಲಿ ಫ್ಲೆಶ್ ಎಂಬ ಹೆಸರಿನ ಡಬ್ಬಿಗಳಲ್ಲಿ ಹೆಚ್ಚಿನವು ಬಿಳಿಯರ ಮೈಬಣ್ಣಕ್ಕೆ ಮಾಡಿದವು. ಅದಕ್ಕೆ ಕಂದು ಸೇರಿಸಿದರೆ ಮಣ್ಣಿನ ಬೊಂಬೆಯಾಗುತ್ತದೆ. ಬರ್ನ್ಟ್ ಸಿಯೆನ್ನಾ, ಯೆಲ್ಲೊ ಓಕರ್, ತುಸು ಅಲ್ಟ್ರಾಮರೀನ್ ನೀಲಿ, ಇವು ಮೂರರಿಂದ ದಖ್ಖನಿನ ಬಿಸಿಲು ಕಂಡ ಮುಖದ ಎಲ್ಲ ಛಾಯೆಗಳನ್ನೂ ಪಡೆಯಬಹುದು. ನೆರಳಿಗೆ ಕಪ್ಪು ಬೇಡ, ನೀಲಿ ಹೆಚ್ಚಿಸಿದ ಕೆಂಗಂದು ಸಾಕು. ಬೆಳಕಿಗೆ ಬಿಳಿಯೊಂದನ್ನೇ ಸೇರಿಸಿದರೆ ಬೂದಿ ಬಳಿದಂತೆ ಆಗುತ್ತದೆ; ಓಕರ್ ಸೇರಿಸಿ, ಬಿಳಿಯನ್ನು ಕೊನೆಯ ಚುಕ್ಕೆಗಳಿಗೆ ಉಳಿಸಿಕೊಳ್ಳಿ. ಹಣೆ ತುಸು ಹಳದಿಗೆ, ಕೆನ್ನೆ ಮೂಗು ಕಿವಿ ಕೆಂಪಿಗೆ, ಕ್ಷೌರ ಮಾಡಿದ ಗಲ್ಲ ಹಸಿರುನೀಲಿಗೆ ವಾಲುತ್ತದೆ ಎಂಬ ವರ್ಣಚಿತ್ರಕಾರರ ಹಳೆಯ ತಿಳಿವಳಿಕೆ ಕಂದು ಮುಖಕ್ಕೂ ಅನ್ವಯಿಸುತ್ತದೆ, ವ್ಯತ್ಯಾಸ ಮಾತ್ರ ಸೂಕ್ಷ್ಮ. ಕಂದು ಚರ್ಮದ ಮೇಲೆ ಬೆವರಿನ ಹೊಳಪು ಬಿಳಿ ಚರ್ಮದ ಮೇಲಿಗಿಂತ ಎದ್ದು ಕಾಣುತ್ತದೆ. ಮೂಗಿನ ತುದಿ, ಕೆಳತುಟಿ, ಕೆನ್ನೆಮೂಳೆಯ ಮೇಲೆ ತಂಪಾದ ತಿಳಿ ಚುಕ್ಕೆಗಳನ್ನು ಧೈರ್ಯವಾಗಿ ಇಡಬಹುದು. ಕಣ್ಣಿನ ಬಿಳಿಭಾಗಕ್ಕೆ ಶುದ್ಧ ಬಿಳಿ ಹಾಕಬೇಡಿ. ಬಿಸಿಲಿಗೆ, ಧೂಳಿಗೆ, ನಿದ್ದೆಗೇಡಿಗೆ ಸಿಕ್ಕ ಕಣ್ಣು ಕೆಂಪು ಬೆರೆತ ಬೂದುಬಣ್ಣದ್ದು, ಮೇಲ್ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ. ಅಕ್ರಿಲಿಕ್‌ನಲ್ಲಿ ತೆಳು ಪದರಗಳನ್ನು ಒಂದರ ಮೇಲೊಂದು ಹಚ್ಚಿ ಅಡಿಪಾಯ ಮಾಡಿಕೊಂಡು, ಮೇಲೆ ಆಯಿಲ್ ಕಲರ್‌ನಲ್ಲಿ ಬೆರೆಸುವುದು ಹೊಸಬರಿಗೆ ಸುಲಭ, ಏಕೆಂದರೆ ಆಯಿಲ್ ದಿನವಿಡೀ ಹಸಿಯಾಗಿದ್ದು ತಿದ್ದಲು ಬಿಡುವು ಕೊಡುತ್ತದೆ. ಟ್ಯೂಬಿನಿಂದ ತೆಗೆದ ಆಯಿಲ್ ಬಣ್ಣವನ್ನು ಒಂದೆರಡು ಗಂಟೆ ರಟ್ಟಿನ ಚೂರಿನ ಮೇಲಿಟ್ಟರೆ ರಟ್ಟು ಎಣ್ಣೆ ಹೀರಿಕೊಂಡು ಬಣ್ಣ ಮ್ಯಾಟ್ ಆಗುತ್ತದೆ. ಕ್ಯಾಮೆಲ್‌ನ ಆಯಿಲ್ ಟ್ಯೂಬುಗಳೇ ಇದಕ್ಕೆ ಸಾಕು.

ಇನ್ನು ಖಾಕಿ. ಪರ್ಷಿಯನ್ನಿನ ಖಾಕ್ ಎಂದರೆ ಧೂಳು, ಮಣ್ಣು; ಉರ್ದುವಿನ ಮೂಲಕ ಖಾಕಿ ಎಂಬ ಹೆಸರು ಬಂತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ, ವಾಯವ್ಯ ಗಡಿಯಲ್ಲಿ ಕೋರ್ ಆಫ್ ಗೈಡ್ಸ್ ದಳದವರು ನೆಲದೊಳಗೆ ಮರೆಯಾಗಲೆಂದು ಬಟ್ಟೆಗೆ ಈ ಬಣ್ಣ ಹಾಕಿಕೊಂಡರು. ಈ ಇತಿಹಾಸದಿಂದ ಬಣ್ಣಗಾರನಿಗೆ ಸಿಗುವ ಪಾಠ ದೊಡ್ಡದು. ಧೂಳು ಕಾಣದಿರಲೆಂದೇ ಹುಟ್ಟಿದ ಬಟ್ಟೆಯ ಮೇಲೆ ಧೂಳು ಎದ್ದು ಕಾಣುವಂತೆ ಚಿತ್ರಿಸುವುದು ಆ ಬಟ್ಟೆಯ ಸ್ವಭಾವಕ್ಕೇ ವಿರೋಧ. ಖಾಕಿ ಬಟ್ಟೆ ತೋರಿಸಬೇಕಾದ್ದು ಬಿಸಿಲು, ಒಗೆತ ಮತ್ತು ಬೆವರನ್ನು. ಮಾಸಿದ ಬಟ್ಟೆಯನ್ನು ಚಿತ್ರಿಸುವವರು ಬೆಳಕನ್ನೂ ಮಾಸುವಿಕೆಯನ್ನೂ ಒಂದೇ ಎಂದುಕೊಳ್ಳುತ್ತಾರೆ, ಏಕೆಂದರೆ ಎರಡೂ ಮೇಲ್ಮುಖದ ಭಾಗಗಳಲ್ಲೇ ಆಗುತ್ತವೆ. ಬೆಳಕು ಬಿದ್ದಲ್ಲಿ ಬಣ್ಣ ತಿಳಿಯಾಗುತ್ತದೆ, ಆದರೆ ಬಣ್ಣವಾಗಿಯೇ ಉಳಿಯುತ್ತದೆ. ಮಾಸಿದಲ್ಲಿ ಬಣ್ಣದ ಸತ್ವವೇ ಹೋಗಿ ಬಟ್ಟೆ ಬೂದಿಗೆ, ಹಸಿಹತ್ತಿಯ ಬಣ್ಣಕ್ಕೆ ತಿರುಗುತ್ತದೆ. ಹಾಗಾಗಿ ಓಕರ್, ರಾ ಅಂಬರ್, ಬಿಳಿ ಬೆರೆಸಿದ ನಡುಛಾಯೆಯ ಖಾಕಿ ಮೊದಲು. ಭುಜ, ಪೇಟದ ಮೇಲಿನ ಸುತ್ತು, ಜೇಬಿನ ಮುಚ್ಚಳಗಳ ಮೇಲೆ ಬೂದು ಬೆರೆತ ತಿಳಿಛಾಯೆಯ ತೆಳುಪದರ ಎರಡನೆಯದು. ಬಿಸಿಲಿನ ಹಳದಿ ತಿಳಿಗೆರೆಗಳು ಅದರ ಮೇಲೆ. ಪೇಟದ ಮಡಿಕೆಗಳ ಒಳಗೆ, ಕಾಲರಿನ ಕೆಳಗೆ ಮೂಲ ಬಣ್ಣ ಗಾಢವಾಗಿಯೇ ಉಳಿಯಲಿ. ಬಿಸಿಲು ಅಲ್ಲಿಗೆ ಹೋಗಿಲ್ಲ. ನೋಡುವವನಿಗೆ ಬಟ್ಟೆ ಹಳೆಯದು ಎಂಬ ಭಾವ ಬರುವುದು ಈ ವ್ಯತ್ಯಾಸದಿಂದ.

ಬಟ್ಟೆ ಮಾಸಿದ ಮೇಲೆ ಸವೆತ. ತೋಟಾಗಳ ಚರ್ಮದ ಪಟ್ಟಿ, ಬ್ಯಾಂಡೊಲಿಯರ್, ಭುಜದ ಮೇಲೆ ಹಾದುಹೋಗುವಲ್ಲಿ ಬಟ್ಟೆಯ ನೂಲು ಉಜ್ಜಿ ನಯವಾಗುತ್ತದೆ. ಪಟ್ಟಿ ಯಾವ ಭುಜದ ಮೇಲಿದೆಯೋ ಸವೆತವೂ ಆ ಭುಜದ್ದೇ. ಎರಡೂ ಭುಜ ಸಮನಾಗಿ ಸವೆದಿದ್ದರೆ ಅದು ಸುಳ್ಳು. ಚರ್ಮಕ್ಕೆ ಗಾಢ ಕಂದಿನ ಅಡಿಪಾಯ ಹಾಕಿ, ಬಾಗುವ ಜಾಗಗಳಲ್ಲಿ ಅಡ್ಡ ಸುಕ್ಕುಗಳನ್ನು, ಅಂಚುಗಳಲ್ಲಿ ಹೊಂಗಂದಿನ ತೆಳು ಗೀರುಗಳನ್ನು ಎಳೆಯಿರಿ, ಉಜ್ಜಿದ ಚರ್ಮದ ಒಳಗಿನ ಬಣ್ಣ ಅದು. ಸ್ಪಂಜಿನ ಚೂರಿನಿಂದ ಒತ್ತಿದರೆ ಗೀರುಗಳು ಸಹಜವಾಗಿ ಬೀಳುತ್ತವೆ, ಆದರೆ ಒತ್ತುವುದು ಅಂಚಿನಲ್ಲಿ ಮಾತ್ರ. ಹಿತ್ತಾಳೆ ಗುಂಡಿಯ ಉಬ್ಬು ಕೈತಾಗಿ ಹೊಳೆಯುತ್ತದೆ, ಅದರ ಬುಡ ಕಂದುಗಟ್ಟುತ್ತದೆ. ಆಮೇಲೆ ಬೆವರು. ಪೇಟದ ಹಣೆಯಂಚು, ಕಾಲರು, ಕಂಕುಳು, ಪಟ್ಟಿಯ ಅಡಿ, ಇಷ್ಟೇ ಜಾಗಗಳಲ್ಲಿ ಬಟ್ಟೆಯ ಬಣ್ಣವನ್ನೇ ತುಸು ಗಾಢ ಮಾಡಿ ತೆಳುವಾಗಿ ಹಚ್ಚಿ, ಒಣಗಿದ ಕಲೆಯ ಅಂಚಿನಲ್ಲಿ ಮುರಿಮುರಿಯಾದ ಬಿಳಿಗೆರೆ ಕೊಟ್ಟು, ಒದ್ದೆ ಬ್ರಷ್ಷಿನಿಂದ ಮೃದುವಾಗಿಸಿ. ಕಲೆಯ ಸುತ್ತ ಪೂರ್ತಿ ವೃತ್ತ ಎಳೆದರೆ ನಕ್ಷೆಯಂತಾಗುತ್ತದೆ. ಇಲ್ಲಿಗೆ ಪ್ರತಿಮೆಗೆ ಮ್ಯಾಟ್ ವಾರ್ನಿಷ್ ಹೊಡೆಯಬೇಕು, ಚರ್ಮಕ್ಕೆ ಮಾತ್ರ ಸ್ಯಾಟಿನ್. ಧೂಳು ಹಾಕಿದ ಮೇಲೆ ವಾರ್ನಿಷ್ ಹೊಡೆದರೆ ಪುಡಿ ತೊಯ್ದು ಮಾಯವಾಗುತ್ತದೆ.

ಧೂಳಿನ ಬಣ್ಣವನ್ನು ನೆಲವೇ ಹೇಳಬೇಕು. ಡೆಸರ್ಟ್ ಎಂದು ಬರೆದ ಕಿತ್ತಳೆಹಳದಿ ಪುಡಿಯ ಡಬ್ಬಿ ಇಲ್ಲಿ ತಪ್ಪು ಉತ್ತರ. ಶರೋನ್ ಬಯಲಿನಲ್ಲಿ ಕೆಂಪು ಮರಳುಮಣ್ಣಿದೆ, ಜೆಜ್ರೀಲ್ ಬಯಲಿನದು ಗಾಢ ಬೂದುಗಂದಿನ ಜೇಡಿ, ಕಾರ್ಮೆಲ್ ಸುಣ್ಣಕಲ್ಲಿನ ಬೆಟ್ಟ. ನಮ್ಮ ಸವಾರ ಈ ಕ್ರಮದಲ್ಲೇ ಹಾದುಬಂದಿದ್ದಾನೆ. ಆದ್ದರಿಂದ ಮಡಿಕೆಗಳ ಆಳದಲ್ಲಿ ಎಲ್ಲೋ ಒಂದೆಡೆ ಕೆಂಪಿನ ಸುಳಿವು, ಅದರ ಮೇಲೆ ಬೂದುಗಂದು, ಎಲ್ಲಕ್ಕಿಂತ ಮೇಲೆ ಕಾರ್ಮೆಲ್‌ನ ಬಿಳಿಚಿದ ಸುಣ್ಣದ ಪುಡಿ. ಧೂಳಿಗೆ ದಿಕ್ಕೂ ಇದೆ. ಸಾಲಿನಲ್ಲಿ ಓಡುವ ಸವಾರನಿಗೆ ಮುಂದಿನ ಕುದುರೆ ಎಬ್ಬಿಸಿದ ಧೂಳು ಎದುರಿನಿಂದ ಬಂದು ಹುಬ್ಬು, ರೆಪ್ಪೆ, ಮೀಸೆಗೆ ಅಂಟುತ್ತದೆ. ನಿಂತಾಗ ಮೇಲಿನಿಂದ ಇಳಿದು ಭುಜ, ಜೇಬಿನ ಮೇಲಂಚು, ಪೇಟದ ಸುತ್ತುಗಳ ಮೇಲೆ ಕೂರುತ್ತದೆ. ಖಾಕಿಯ ಮೇಲೆ ಅದು ಕಾಣದು. ಕಂದು ಚರ್ಮದ ಪಟ್ಟಿಯ ಮೇಲೆ, ಕಪ್ಪು ಮೀಸೆಯ ಮೇಲೆ, ಬೆವೆತ ಮುಖದ ಮೇಲೆ ಕಾಣುತ್ತದೆ. ನಿಮ್ಮ ಪುಡಿಯ ಬಹುಪಾಲು ಅಲ್ಲಿಗೇ ಹೋಗಬೇಕು. ಹಣೆಯಿಂದ ಇಳಿದ ಬೆವರು ಧೂಳನ್ನು ತೊಳೆದ ಒಂದೆರಡು ಗೆರೆಗಳು ಕೆನ್ನೆಯ ಮೇಲಿದ್ದರೆ ಮುಖ ಉಸಿರಾಡುತ್ತದೆ. ಪಿಗ್ಮೆಂಟ್ ಸಿಗದ ಊರಿನಲ್ಲಿ ಒಣ ಪೇಸ್ಟಲ್ ಬಳಪವನ್ನು ಉಪ್ಪುಕಾಗದದ ಮೇಲೆ ತೇಯ್ದರೂ ಆಗುತ್ತದೆ. ಮೆತ್ತನೆಯ ಒಣ ಬ್ರಷ್ಷಿನಿಂದ ಹಚ್ಚಿ, ಬೇಕಾದಲ್ಲಿ ಮಾತ್ರ ವೈಟ್ ಸ್ಪಿರಿಟ್ ಒಂದು ಹನಿ ತಾಗಿಸಿ ನಿಲ್ಲಿಸಿ. ಐಸೊಪ್ರೊಪೈಲ್ ಆಲ್ಕೊಹಾಲ್ ಬೇಡ, ಅದು ಕೆಳಗಿನ ಅಕ್ರಿಲಿಕ್ಕನ್ನು ಎಬ್ಬಿಸಬಲ್ಲದು. ತೊಯ್ದ ಪುಡಿಯ ಛಾಯೆ ಬದಲಾಗುವುದರಿಂದ ಮೊದಲು ರಟ್ಟಿನ ಮೇಲೆ ಪರೀಕ್ಷಿಸಿ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಕಲೆಯ ಕಡೆಯಿಂದ ಬರುತ್ತದೆ. ಅಂಗೈಯಗಲದ ಪ್ರತಿಮೆಯ ಮೇಲೆ ನಿಜವಾದ ಬೆಳಕು ದೊಡ್ಡ ವಸ್ತುವಿನ ಮೇಲೆ ಬೀಳುವಂತೆ ಬೀಳುವುದಿಲ್ಲ, ನೆರಳನ್ನೂ ಬೆಳಕನ್ನೂ ಹಿಗ್ಗಿಸಿಯೇ ಚಿತ್ರಿಸಬೇಕು, ಹಾಗಿರುವಾಗ ಕೊಳೆಯನ್ನು ಮಾತ್ರ ಯಾಕೆ ಹಿಗ್ಗಿಸಬಾರದು ಎನ್ನುತ್ತಾರೆ. ಆಕ್ಷೇಪದ ಮೊದಲರ್ಧ ಸರಿ, ಹಿಗ್ಗಿಸಲೇಬೇಕು. ಆದರೆ ಹಿಗ್ಗಿಸುವುದು ಇದ್ದುದನ್ನು, ಇದ್ದ ಜಾಗದಲ್ಲಿ. ಚರ್ಮದ ಮೇಲಿನ ಧೂಳನ್ನು ಇಮ್ಮಡಿ ಮಾಡಿದರೆ ಅದು ಒತ್ತು. ಎದೆಯ ಮೇಲೆ ಕೆಸರು ಸಿಡಿಸಿದರೆ ಅದು 1917ರ ಫ್ಲಾಂಡರ್ಸ್ ರಣರಂಗದಿಂದ ಕದ್ದು ತಂದದ್ದು. ಹೈಫಾದಲ್ಲೂ ಕಿಶೋನ್ ದಂಡೆಯ ಹೂಳು ಕುದುರೆಗಳನ್ನು ತಡೆದಿತ್ತಲ್ಲ ಎಂದು ಕೇಳಬಹುದು. ನಿಜ, ಆದರೆ ಆ ಹೂಳು ಕುದುರೆಯ ಕಾಲಿಗೆ, ಸವಾರನ ಬೂಟಿಗೆ ಸೇರಿದ್ದು, ಅದೂ ನದಿಯ ಕಡೆಯಿಂದ ಬಂದವರದು. ನಮ್ಮ ಪ್ರತಿಮೆ ಎದೆಗೆ ಮುಗಿಯುತ್ತದೆ, ನಮ್ಮ ಸವಾರ ಬೆಟ್ಟ ಹತ್ತಿದವನು. ಎರಡನೆಯ ಆಕ್ಷೇಪ ಶಿಸ್ತಿನದು. ಕುದುರೆದಳದವರು ಅಚ್ಚುಕಟ್ಟಿಗೆ ಹೆಸರಾದವರು, ಅವರನ್ನು ಕೊಳಕಾಗಿ ತೋರಿಸುವುದು ತಪ್ಪು ಎಂಬುದು ಅದು. ಈ ಮಾತಿನಲ್ಲಿ ಬಲವಿದೆ, ಅದು ಕೆಲಸವನ್ನು ಇನ್ನಷ್ಟು ನಿಖರ ಮಾಡುತ್ತದೆ. ಸವಾರ ನಿತ್ಯ ಆರೈಕೆ ಮಾಡುವ ವಸ್ತುಗಳು ಬೇರೆ, ಮಾಡಲು ಬಿಡುವಿಲ್ಲದವು ಬೇರೆ. ಚರ್ಮಕ್ಕೆ ಎಣ್ಣೆ ಕಂಡಿರುತ್ತದೆ, ಆಯುಧ ಶುದ್ಧವಿರುತ್ತದೆ. ಆದ್ದರಿಂದ ಪಟ್ಟಿಯ ಮೇಲೆ ಧೂಳಿರಬಹುದು, ಧೂಳಿನ ಕೆಳಗೆ ಒಣಗಿ ಸೀಳಿದ ಚರ್ಮ ಇರಬಾರದು, ಲೋಹಕ್ಕೆ ತುಕ್ಕು ಇರಬಾರದು. ಬಟ್ಟೆ ಒಗೆಯಲು ಆ ವಾರ ಅವನಿಗೆ ಹೊತ್ತಿರಲಿಲ್ಲ.

ಮೂರನೆಯದು ಗೌರವದ ಪ್ರಶ್ನೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ಲಿಯೊನಾರ್ಡ್ ಜೆನ್ನಿಂಗ್ಸ್ ರೂಪಿಸಿದ, 1922ರಲ್ಲಿ ನಿಲ್ಲಿಸಿದ ಮೂವರು ಸೈನಿಕರು ಹೈದರಾಬಾದ್, ಜೋಧಪುರ, ಮೈಸೂರು ದಳಗಳ ಪ್ರತಿನಿಧಿಗಳು. ಅವರ ಮೈಮೇಲೆ ಧೂಳಿಲ್ಲ. ಮಡಿದವರ ನೆನಪನ್ನು ಹಾಗೆ ನಿರ್ಮಲವಾಗಿ ನಿಲ್ಲಿಸಿರುವಾಗ ಮೇಜಿನ ಮೇಲಿನ ಪ್ರತಿಮೆಗೆ ಕೊಳೆ ಬಳಿಯುವುದು ಸರಿಯೇ? ಸ್ಮಾರಕ ಎಲ್ಲ ಕಾಲಕ್ಕೂ ಮಾತಾಡಬೇಕು, ಆದ್ದರಿಂದ ಅದು ಒಂದು ದಿನದ ಗುರುತುಗಳನ್ನು ಕಳಚಿಕೊಳ್ಳುತ್ತದೆ. ಬಸ್ಟ್ ಒಬ್ಬ ಮನುಷ್ಯನ ಒಂದು ಮಧ್ಯಾಹ್ನವನ್ನು ಹೇಳುತ್ತದೆ. ಮೈಸೂರು ಸೀಮೆಯಿಂದ ಹಡಗು ಹತ್ತಿ ಹೋದವನು ಬಾಯಾರಿ, ಬೆವೆತು, ಸುಣ್ಣದ ಪುಡಿ ಮೆತ್ತಿದ ಮೀಸೆಯಲ್ಲಿ ಆ ಇಳಿಜಾರು ಹತ್ತಿದ ಎಂಬುದನ್ನು ಸರಿಯಾಗಿ ತೋರಿಸುವುದರಲ್ಲಿ ಅಗೌರವವಿಲ್ಲ. ಅಗೌರವ ಇರುವುದು ಎಲ್ಲ ಸೈನಿಕರ ಮೇಲೂ ಒಂದೇ ಡಬ್ಬಿಯ ಮಣ್ಣು ಸುರಿಯುವುದರಲ್ಲಿ. ಬೆಂಗಳೂರಿನಲ್ಲಿರುವವರು ಕೆಲಸಕ್ಕೆ ಕೂರುವ ಮೊದಲು ಜೆ.ಸಿ. ನಗರದ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ಒಮ್ಮೆ ನೋಡಿ ಬನ್ನಿ. ಆಮೇಲೆ ಪ್ರತಿಮೆಯ ಮರದ ಪೀಠದ ಮೇಲೆ ಮೊದಲೇ ಊರು, ತಿಂಗಳು, ವರ್ಷ ಬರೆದಿಡಿ. ಅದನ್ನು ಬರೆಯಲು ಬೇಕಾದಷ್ಟು ಓದಿಯಾಗುವವರೆಗೆ ಪಿಗ್ಮೆಂಟ್ ಡಬ್ಬಿಯ ಮುಚ್ಚಳ ತೆಗೆಯಬೇಡಿ.